ವೈದ್ಯರಿಗೆ ಪಾಠ ಹೇಳುವವರಾರು?

ನಮ್ಮ ಮಗನು ಶಹಾಪುರದಲ್ಲಿ ತೊಗರಿ ಹತ್ತಿಗಳ ವ್ಯಾಪಾರವನ್ನು ಮಾಡಿಕೊಂಡಿರುವನು. ಆತನಿಗೆ ಒಬ್ಬಳೇ ಮಗಳು. ಅವಳು ವೈದ್ಯವಿದ್ಯಾಲಯವನ್ನು ಸೇರಿದ ವರ್ಷವೇ ಆತನು ಬಸ್ಸು ನಿಲ್ದಾಣದ ಸಮೀಪದಲ್ಲಿ ಒಂದು ನಿವೇಶನವನ್ನು ನೋಡಿ, ಸಾಲ ಮಾಡಿ, ಕೊಂಡುಬಿಟ್ಟನು. ಮಗಳು ಓದು ಮುಗಿಸಿ ಬರುವ ಹೊತ್ತಿಗೆ ಅಲ್ಲಿ ಹತ್ತು ಹಾಸಿಗೆಗಳ ದವಾಖಾನೆಯೊಂದು ಎದ್ದುನಿಲ್ಲಬೇಕೆಂಬುದು ಆತನ ಆಸೆ. ಆ ನಿವೇಶನದ ಮುಂದೆ ಹಾದುಹೋಗುವಾಗಲೆಲ್ಲ ಆತನ ನಡಿಗೆ ನಿಧಾನವಾಗುತ್ತಿದ್ದಿತು. ಕಟ್ಟದ ಗೋಡೆ, ತೂಗಿಸದ ಹಲಗೆ, ಹಲಗೆಯ ಮೇಲೆ ಮಗಳ ಹೆಸರು, ಎಲ್ಲವೂ ಆತನ ಕಣ್ಣಿಗೆ ಕಾಣಿಸುತ್ತಿದ್ದುವು. ಹೆತ್ತವರ ಇಂತಹ ಆಸೆಯನ್ನು ಕಂಡು ನಗಬಾರದು. ನಾವೂ ನಗಲಿಲ್ಲ, ಸಾಲದ ಕಾಗದಕ್ಕೆ ನಾವೂ ರುಜು ಹಾಕಿದವರೇ ಆಗಿದ್ದೆವು.

ಕಳೆದ ಯುಗಾದಿಗೆ ಮೊಮ್ಮಗಳು ಸುರಪುರದ ನಮ್ಮ ಮನೆಗೆ ಬಂದಿದ್ದಳು. ಬೇವುಬೆಲ್ಲವಾಯಿತು, ಊಟವಾಯಿತು. ಎಲೆಯಡಿಕೆಯ ತಟ್ಟೆಯನ್ನು ತಂದಿಟ್ಟು ನಮ್ಮ ಕಾಲ ಬಳಿ ಕುಳಿತು ಅವಳು ಮೆಲ್ಲಗೆ, "ಮುತ್ಯಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ದವಾಖಾನಿ ಹಾಕೂದಿಲ್ಲ. ಮುಂದ ಎಂ.ಡಿ. ಓದಿ ಕಾಲೇಜಿನ್ಯಾಗ ಪಾಠ ಹೇಳ್ತೀನಿ. ಅಪ್ಪಗ ನೀವ ಹೇಳಬೇಕು" ಎಂದಳು. ಅವಳು ಆರಿಸಿಕೊಳ್ಳಬಯಸಿದ ವಿಷಯವು ಸಮುದಾಯ ವೈದ್ಯಶಾಸ್ತ್ರ. ಹಳ್ಳಿಯ ನೀರು, ಅನ್ನ, ಕಸ, ಸೊಳ್ಳೆ, ಹೆರಿಗೆ ಇವುಗಳ ಲೆಕ್ಕವನ್ನಿಟ್ಟು, ರೋಗವು ಬರುವ ದಾರಿಯನ್ನು ಹುಡುಕಿ, ಅದನ್ನು ಮುಂದಿನ ವೈದ್ಯರಿಗೆ ಕಲಿಸುವ ಶಾಸ್ತ್ರವದು.

ನಾವು ಸಿಟ್ಟಾದೆವು. ಇದನ್ನು ಮುಚ್ಚಿಡುವುದರಲ್ಲಿ ಫಲವಿಲ್ಲ. "ಇಷ್ಟು ಓದಿ ಕಡೆಗೆ ಮಾಸ್ತರಿಕೆಯೆ?" ಎಂಬ ಮಾತು ನಮ್ಮ ಬಾಯಿಂದ ಹೊರಬಿದ್ದಿತು. ಹೊರಬಿದ್ದ ಕ್ಷಣದಲ್ಲಿಯೇ ನಮಗೆ ನಾಚಿಕೆಯಾಯಿತು. ಏಕೆಂದರೆ ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಮಾಸ್ತರಿಕೆಯನ್ನೇ ಮಾಡಿ, ಅದರಿಂದಲೇ ಆ ಹುಡುಗಿಯ ತಂದೆಯನ್ನು ಸಾಕಿದವರು ನಾವು. ಗುರುವನ್ನು ದೇವರಿಗೆ ಸಮಾನವೆಂದು ವರ್ಷವರ್ಷವೂ ಶಾಲೆಯ ವೇದಿಕೆಯ ಮೇಲೆ ನಿಂತು ಹೇಳಿದ ನಾಲಗೆಯೇ, ತನ್ನ ಮನೆಯ ಕೂಸು ಗುರುವಾಗುವೆನೆಂದಾಗ ಹೀಗೆ ಹೊರಳಿತು. ಮಂದಿಗೆ ಹೇಳುವ ಮಾತು ಬೇರೆ, ಮನೆಯೊಳಗಣ ಮಾತು ಬೇರೆ ಎಂಬುದು ನಮ್ಮ ಅರಿವಿಗೆ ಬಂದುದು ಆಗ.

ಅವಳು ವಾದಿಸಲಿಲ್ಲ, "ಒಂದು ಆಯಿತವಾರ ನಮ್ಮ ಕೂಟಕ್ಕ ಬಂದು ನೋಡ್ರಿ" ಎಂದಷ್ಟೇ ಹೇಳಿ ಎದ್ದುಹೋದಳು.

ಈ ಕೂಟದ ಸುದ್ದಿಯನ್ನು ನಾವು ಮೊದಲೇ ಕೇಳಿದ್ದೆವು. ಅವಳು ಓದುವ ವಿದ್ಯಾಲಯದಲ್ಲಿ ಹಿರಿಯ ತರಗತಿಯ ಕೆಲವು ವಿದ್ಯಾರ್ಥಿಗಳು ತಾವಾಗಿಯೇ ಸೇರಿ ನಡೆಯಿಸುವ ಕೂಟವದು. ಅದಕ್ಕೆ ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಹಲಗೆಯಿಲ್ಲ. ವೈದ್ಯವಿದ್ಯೆಯನ್ನು ಕಲಿಸುವುದು, ಸಂಶೋಧನೆ ಮಾಡುವುದು, ಇವುಗಳನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಳ್ಳಲು ಕಿರಿಯರಲ್ಲಿ ರುಚಿ ಹುಟ್ಟಿಸಬೇಕೆಂಬುದು ಅದರ ಉದ್ದೇಶ. ಇದನ್ನು ಮೊದಲು ಕೇಳಿದಾಗ ನಾವು, "ಕುರುಡನು ಕುರುಡನ ಕೈ ಹಿಡಿದಂತಾಯಿತು, ಇನ್ನೂ ಕಲಿಯುತ್ತಿರುವವರು ಮತ್ತೊಬ್ಬರಿಗೆ ಏನನ್ನು ಕಲಿಸಿಯಾರು?" ಎಂದುಕೊಂಡಿದ್ದೆವು. ಆದರೂ ಹುಡುಗಿಯ ಮಾತನ್ನು ತೆಗೆದುಹಾಕಲಾರದೆ, ಸುರಪುರದಿಂದ ಬಸ್ಸು ಹಿಡಿದು, ಶಹಾಪುರದಲ್ಲಿ ಮಗನಿಗೆ ತಿಳಿಸದೆಯೇ ಮುಂದೆ ಸಾಗಿ, ಯಾದಗಿರಿಯಲ್ಲಿ ರೈಲು ಹತ್ತಿ, ಒಂದು ಭಾನುವಾರ ಸಂಜೆ ಅಲ್ಲಿಗೆ ಹೋದೆವು.

ವಸತಿಗೃಹದ ಊಟದ ಕೋಣೆಯೇ ಕೂಟದ ಸ್ಥಳ. ಮಧ್ಯಾಹ್ನದ ಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಇಪ್ಪತ್ತೈದು ಮೂವತ್ತು ಮಂದಿ ಹುಡುಗಹುಡುಗಿಯರು ಬೆಂಚುಗಳ ಮೇಲೆ ಕುಳಿತಿದ್ದರು. ನಮಗೆ ಒಂದು ಕುರ್ಚಿಯನ್ನು ತಂದುಕೊಟ್ಟು, ಚಹಾ ಕೊಟ್ಟು, ಆಮೇಲೆ ನಮ್ಮನ್ನು ಮರೆತೇಬಿಟ್ಟರು. ಈ ಮರೆವೇ ನಮಗೆ ಮೊದಲು ಮೆಚ್ಚುಗೆಯಾದುದು. ಸಭೆಯಲ್ಲಿ ಮುದುಕರನ್ನು ಕಂಡೊಡನೆ ಹಾರವನ್ನು ಹುಡುಕುವ ಅಭ್ಯಾಸವು ಆ ಮಕ್ಕಳಿಗೆ ಇರಲಿಲ್ಲ.

ಅಂದು ಮೊದಲು ಎದ್ದುನಿಂತವಳು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ. ಅವಳು ರಜೆಯಲ್ಲಿ ಎರಡು ತಿಂಗಳು ಕಷ್ಟಪಟ್ಟು ಬಸುರಿ ಹೆಂಗಸರ ರಕ್ತಹೀನತೆಗೂ ಅವರು ಊಟದೊಡನೆ ಚಹಾ ಕುಡಿಯುವುದಕ್ಕೂ ಸಂಬಂಧವಿದೆಯೆ ಎಂಬುದನ್ನು ವಿಚಾರಿಸಿದ್ದಳು. ಕಡೆಗೆ ಅವಳು, "ಸಂಬಂಧ ಇದೆ ಅಂತ ಹೇಳಲಿಕ್ಕೆ ನನ್ನ ಲೆಕ್ಕದಾಗ ಆಧಾರ ಸಿಗಲಿಲ್ಲ, ನಾ ಕೇಳಿದ ಮಂದಿ ಕಡಿಮಿ" ಎಂದು ಹೇಳಿ ಕುಳಿತಳು. ನಾವು ಅಯ್ಯೋ ಪಾಪವೆಂದುಕೊಂಡೆವು. ಆದರೆ ಕೂಡಿದ ಮಕ್ಕಳೆಲ್ಲರೂ ಚಪ್ಪಾಳೆ ತಟ್ಟಿದರು! ಒಬ್ಬ ಹಿರಿಯ ವಿದ್ಯಾರ್ಥಿಯು ಎದ್ದು, "ಸಿಗದೆ ಇದ್ದುದನ್ನು ಸಿಕ್ಕಿತು ಎನ್ನದೆ ಇದ್ದುದಕ್ಕೆ ಈ ಚಪ್ಪಾಳೆ" ಎಂದನು. ಮೂವತ್ತೈದು ವರ್ಷ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದ ನಾವು, ತಿಳಿಯದೆಂದು ಪ್ರಾಮಾಣಿಕವಾಗಿ ಬರೆದ ಹುಡುಗನಿಗೆ ಒಂದು ಅಂಕವನ್ನಾದರೂ ಎಂದಾದರೂ ಕೊಟ್ಟಿದ್ದೆವೆ ಎಂದು ಯೋಚಿಸಿದೆವು. ಕೊಟ್ಟ ನೆನಪಾಗಲಿಲ್ಲ.

ಅನಂತರ ಅವರು ಹೊರನಾಡಿನ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ 2013 ರಲ್ಲಿ ಪ್ರಕಟವಾದ ಲೇಖನವೊಂದನ್ನು ಕೈಗೆತ್ತಿಕೊಂಡು ಪಂಕ್ತಿಪಂಕ್ತಿಯಾಗಿ ವಿಚಾರಿಸತೊಡಗಿದರು. ಊರಿನ ಹೆಸರು ಕಿವಿಗೆ ಬಿದ್ದೊಡನೆ ನಾವು ಕುರ್ಚಿಯಲ್ಲಿ ನೆಟ್ಟಗಾದೆವು. ಅದು ನಮ್ಮ ಸುರಪುರ ಸೀಮೆಯ ಕಿರದಳ್ಳಿ ತಾಂಡಾ! ಅದರ ನೆರೆಯ ಮಂಗಳೂರಿನ ಕಡೆಗೆ (ಇದು ಕಡಲತೀರದ ಮಂಗಳೂರಲ್ಲ, ನಮ್ಮ ಕಡೆಯ ಹಳ್ಳಿ) ಹಿಂದೆ ಚಿನ್ನದ ಗಣಿಯಿದ್ದುದನ್ನು ನಾವು ಬಲ್ಲೆವು. ಆ ಕಲ್ಲಿನ ಪಟ್ಟಿಯ ನೆಲದಡಿಯ ನೀರಿನಲ್ಲಿ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಹೇಳುತ್ತಿದ್ದ ವಿಷದ ಅಂಶವು, ಇರಬೇಕಾದುದಕ್ಕಿಂತ ಹೆಚ್ಚಾಗಿ ಬೆರೆತಿರುವುದನ್ನೂ, ಆ ತಾಂಡಾದ ಜನರ ಅಂಗೈ ಅಂಗಾಲುಗಳ ಚರ್ಮವು ಅದರಿಂದ ಕೆಟ್ಟಿರುವುದನ್ನೂ ಆ ಲೇಖನವು ತೋರಿಸಿಕೊಟ್ಟಿರುವುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಈ ವಿಷವು 10 ಮೈಕ್ರೋಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹತ್ತು ಮೈಕ್ರೋಗ್ರಾಮೆಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಅದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ತಿಳಿನೀರೆಂದು ಕುಡಿದವರಿಗೆ ವರ್ಷಗಳ ಮೇಲೆ ಚರ್ಮವು ಹೇಳಬೇಕು.

ಇದನ್ನು ಕಂಡುಹಿಡಿದವರು ಯಾರು? ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಗಳೆಂಬ ವಿಜ್ಞಾನಿಗಳೂ, ಅವರೊಡನೆ ನಮ್ಮ ನೆರೆಯ ಬಿಜಾಪುರದ ವೈದ್ಯವಿದ್ಯಾಲಯದವರೂ ಇನ್ನು ಕೆಲವರೂ. ಅಂಗೈ ನೋಡಿ ಮುಲಾಮು ಬರೆದುಕೊಟ್ಟು ಕಳುಹಿಸಬಹುದಾಗಿದ್ದ ರೋಗಿಗಳನ್ನು ಬಾವಿಯವರೆಗೆ ಹಿಂಬಾಲಿಸಿಹೋದವರು ಅವರು. ನಮ್ಮ ಸೀಮೆಯ ಸುದ್ದಿಯನ್ನು ಸುರಪುರದಲ್ಲಿ ವೃತ್ತಪತ್ರಿಕೆಯನ್ನು ದಿನವೂ ಓದುವ ನಾವು ಅರಿಯೆವು. ಊಟದ ಕೋಣೆಯಲ್ಲಿ ಕುಳಿತ ಮಕ್ಕಳು ಬಲ್ಲರು. ಅಂದು ಆ ಲೇಖನದ ವಿಷಯವಾಗಿ ಮಾತನಾಡಿದ ಹುಡುಗನು ತಾನೂ ತಾಂಡಾವೊಂದರಲ್ಲಿ ಹುಟ್ಟಿದವನು. "ನಮ್ಮ ತಾಂಡಾದ ನೀರನ್ನು ಯಾರೂ ನೋಡಿಲ್ಲ" ಎಂದು ಅವನು ಹೇಳಿದಾಗ ಕೋಣೆಯು ನಿಶ್ಶಬ್ದವಾಯಿತು.

ಹಿಂದಿರುಗುವಾಗ ರೈಲಿನಲ್ಲಿ ನಮ್ಮ ಹಳೆಯ ಸಂಶಯವನ್ನು ನಾವೇ ತಿರುವಿಹಾಕಿದೆವು. ಮನೆಗೆ ಬಂದು ಪುಸ್ತಕಗಳನ್ನು ತೆರೆದು ನೋಡಲು, ವಿದ್ಯಾರ್ಥಿಗಳ ಇಂತಹ ಕೂಟಗಳು ಹೊಸವಲ್ಲವೆಂದು ತಿಳಿಯಬಂದಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1734 ರಲ್ಲಿ ಆರು ಮಂದಿ ವೈದ್ಯವಿದ್ಯಾರ್ಥಿಗಳು ಒಂದು ಶವವನ್ನು ಕೂಡಿ ಛೇದಿಸಿ ಅಭ್ಯಾಸಮಾಡಿದರಂತೆ. ಆ ಒಡನಾಟದ ಸವಿಯು ಹತ್ತಿ, ಒಬ್ಬೊಬ್ಬರ ಬಿಡಾರದಲ್ಲಿ ನಿಯಮದಿಂದ ಸೇರಿ, ಸರದಿಯಂತೆ ಒಂದೊಂದು ಪ್ರಬಂಧವನ್ನು ಓದುವುದೆಂದು ಗೊತ್ತುಮಾಡಿಕೊಂಡರು. 1737 ರಲ್ಲಿ ಅದು ಸಂಘವಾಯಿತು. 1778 ರಲ್ಲಿ ರಾಜಶಾಸನವನ್ನು ಪಡೆದು ರಾಯಲ್ ಮೆಡಿಕಲ್ ಸೊಸೈಟಿಯೆಂಬ ಹೆಸರಿನಿಂದ ನೆಲೆನಿಂತಿತು. ಆ ಆರು ಮಂದಿಯಲ್ಲಿ ಒಬ್ಬನಾದ ಜಾರ್ಜ್ ಕ್ಲೆಗ್‌ಹಾರ್ನನು ಮಿನೋರ್ಕಾ ದ್ವೀಪದಲ್ಲಿ ಸೈನಿಕವೈದ್ಯನಾಗಿದ್ದು, ಅಲ್ಲಿಯ ಜ್ವರಗಳನ್ನು ವರ್ಷಗಟ್ಟಲೆ ನೋಡಿ ಬರೆದು 1751 ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಮುಂದೆ ಡಬ್ಲಿನ್ ನಗರದಲ್ಲಿ ಶರೀರಶಾಸ್ತ್ರದ ಅಧ್ಯಾಪಕನಾದನು. ಗೆಳೆಯರ ಕೋಣೆಯಲ್ಲಿ ಪ್ರಬಂಧ ಓದಿದ ಹುಡುಗನೇ ಅಧ್ಯಾಪಕನಾಗಿ ಬೆಳೆದನು.

ಅಷ್ಟು ದೂರ ಏಕೆ? ನಮ್ಮ ಮನೆಯನ್ನೇ ನೋಡೋಣ. ಪ್ರತಿದಿನವೂ ಬೆಳಿಗ್ಗೆ ನಾವು ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಎಂಬ ಔಷಧವನ್ನು ಅನೇಕ ವಾಚಕರೂ ಬಲ್ಲರು. ಹೊಟ್ಟೆಯೊಳಗಣ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದರಿರುವ ಕಣಗಳ ಗುಂಪನ್ನು 1869 ರಲ್ಲಿ ಮೊದಲು ಕಂಡು ಬರೆದವನು ಪಾಲ್ ಲಾಂಗರ್‌ಹಾನ್ಸನೆಂಬ ಜರ್ಮನ್ ವೈದ್ಯವಿದ್ಯಾರ್ಥಿ. ಅವು ಏತಕ್ಕೆಂಬುದನ್ನು ಅವನು ಅರಿಯನು, ಅರಿಯೆನೆಂದೇ ಹೇಳಿದನು. ಐವತ್ತೆರಡು ವರ್ಷಗಳ ಮೇಲೆ, 1921 ರ ಬೇಸಗೆಯಲ್ಲಿ, ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಎಂಬ ವೈದ್ಯರು ಆ ಗ್ರಂಥಿಯಿಂದ ಔಷಧವನ್ನು ತೆಗೆಯಹೊರಟಾಗ ಅವರಿಗೆ ಜೊತೆಯಾದವನು ಇಪ್ಪತ್ತೆರಡು ವರ್ಷದ ಚಾರ್ಲ್ಸ್ ಬೆಸ್ಟನೆಂಬ ವಿದ್ಯಾರ್ಥಿ. 1923 ರಲ್ಲಿ ನೊಬೆಲ್ ಬಹುಮಾನದ ಹೆಸರಿನ ಪಟ್ಟಿಯಲ್ಲಿ ಆ ಹುಡುಗನ ಹೆಸರು ಬರಲಿಲ್ಲ. ಬ್ಯಾಂಟಿಂಗರು ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಅವನಿಗೆ ಕೊಟ್ಟರು. ಬೆಸ್ಟನು ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಇಬ್ಬರು ವಿದ್ಯಾರ್ಥಿಗಳ ಕುತೂಹಲವಿಲ್ಲದೆ ಹೋಗಿದ್ದರೆ ಈ ಲೇಖನವನ್ನು ಬರೆಯಲು ನಾವು ಬಹುಶಃ ಇರುತ್ತಿರಲಿಲ್ಲ.

ನಮ್ಮ ದೇಶದಲ್ಲಿಯೂ ದಾರಿಯಿಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1979 ರಿಂದ ಪದವಿ ತರಗತಿಯ ವೈದ್ಯವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಸಂಶೋಧನಾ ವೇತನವನ್ನು ಕೊಡುವ ಏರ್ಪಾಡನ್ನು ಮಾಡಿತು. ವಿದ್ಯಾರ್ಥಿಗಳೇ ನಡೆಯಿಸುವ ಇಂಡಿಯನ್ ಫೋರಮ್ ಫಾರ್ ಮೆಡಿಕಲ್ ಸ್ಟೂಡೆಂಟ್ಸ್ ರಿಸರ್ಚ್ ಎಂಬ ಸಂಸ್ಥೆಯು ಬೇರೆಬೇರೆ ಕಾಲೇಜುಗಳ ಮಕ್ಕಳನ್ನು ಒಂದೆಡೆ ಸೇರಿಸಿ, ಅವರ ಪ್ರಬಂಧಗಳನ್ನು ಓದಿಸಿದೆ. ಆದರೆ ಅರ್ಜಿಯ ನಮೂನೆಯೊಂದು ಇರುವುದು ಬೇರೆ, ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಅದನ್ನು ತುಂಬುವ ಧೈರ್ಯ ಮಾಡುವುದು ಬೇರೆ. ಆ ಧೈರ್ಯವನ್ನು ಕೊಡುವವರು ಹೋದ ವರ್ಷ ಅದನ್ನು ತುಂಬಿದ ಅಕ್ಕಂದಿರೂ ಅಣ್ಣಂದಿರೂ. ಪ್ರಾಧ್ಯಾಪಕರೊಡನೆ ಮಾತನಾಡಲು ಅಂಜುವ ಮಕ್ಕಳು ಒಂದು ವರ್ಷ ಮುಂದಿನವರೊಡನೆ ಅಂಜರು. ಈ ಸಣ್ಣ ಸತ್ಯವೇ ಇಂತಹ ಕೂಟಗಳ ಬಲವೆಂದು ನಮಗೆ ತೋರುವುದು.

ಇದರ ಅವಶ್ಯಕತೆಯೆಷ್ಟೆಂಬುದನ್ನು ಗೃಹಸ್ಥರು ಲೆಕ್ಕದ ಮೂಲಕ ತಿಳಿಯಬೇಕು. 2014 ಕ್ಕೆ ಮೊದಲು ಭಾರತದಲ್ಲಿ ಇದ್ದ ವೈದ್ಯವಿದ್ಯಾಲಯಗಳು 387. 2023–24 ರ ಹೊತ್ತಿಗೆ ಅವು 706 ಆದುವು. ನಮ್ಮ ಯಾದಗಿರಿಯು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಜಿಲ್ಲೆಯಾದುದು 2009 ರ ಡಿಸೆಂಬರಿನಲ್ಲಿ. ಹದಿಮೂರು ವರ್ಷಗಳೊಳಗೆ, 2022–23 ನೆಯ ಸಾಲಿನಲ್ಲಿ, 150 ವಿದ್ಯಾರ್ಥಿಗಳ ವೈದ್ಯವಿದ್ಯಾಲಯವೂ ಅಲ್ಲಿ ಆರಂಭವಾಯಿತು. ಸಂವಿಧಾನದ 371 ಜೆ ವಿಧಿಯಿಂದಾಗಿ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸ್ಥಾನಗಳು ಈ ಭಾಗದ ಮಕ್ಕಳಿಗೇ ಮೀಸಲಾದುವು. ಇದೆಲ್ಲವೂ ಸಂತೋಷದ ಮಾತೇ ಸರಿ. ಆದರೆ ಕಟ್ಟಡವನ್ನು ಎರಡು ವರ್ಷದಲ್ಲಿ ಕಟ್ಟಬಹುದು. ಒಬ್ಬ ಅಧ್ಯಾಪಕನು ಸಿದ್ಧನಾಗಲು ಹತ್ತು ಹನ್ನೆರಡು ವರ್ಷಗಳು ಬೇಕು.

ಇನ್ನೊಂದು ಸಂಗತಿಯನ್ನು ಕೇಳಿ ನಾವು ಬೆರಗಾದೆವು. 2023 ರ ಸೆಪ್ಟೆಂಬರಿನಲ್ಲಿ, ವೈದ್ಯರ ಮೇಲ್ತರಗತಿಯ ಪ್ರವೇಶಪರೀಕ್ಷೆಯಲ್ಲಿ ಬೇಕಾದ ಕನಿಷ್ಠ ಮಟ್ಟವನ್ನು ಸರಕಾರವು ಸೊನ್ನೆಗೆ ಇಳಿಸಿತು! ಎಂದರೆ ಪರೀಕ್ಷೆಗೆ ಕುಳಿತವರೆಲ್ಲರೂ ಅರ್ಹರಾದಂತಾಯಿತು. ಹೀಗೇಕೆಂದರೆ ಸ್ಥಾನಗಳು ಬರಿದಾಗಿ ಉಳಿಯುತ್ತಿದ್ದುವು. ಬರಿದಾಗಿ ಉಳಿಯುವ ಸ್ಥಾನಗಳು ಚರ್ಮರೋಗದವಾಗಲಿ ಕ್ಷಕಿರಣದವಾಗಲಿ ಅಲ್ಲ; ಹೆಚ್ಚಿನವು ಶರೀರರಚನೆ, ಶರೀರಕ್ರಿಯೆ, ಜೀವರಸಾಯನ, ಔಷಧವಿಜ್ಞಾನ ಮೊದಲಾದ ಮೂಲಶಾಸ್ತ್ರಗಳವು. ವೈದ್ಯನಾಗುವ ಪ್ರತಿಯೊಬ್ಬನೂ ಮೊದಲು ದಾಟಬೇಕಾದ ಹೊಸ್ತಿಲಿನಲ್ಲಿಯೇ ದೀಪ ಹಿಡಿದು ನಿಲ್ಲುವವರಿಲ್ಲ. ಏಕೆ? ಅವುಗಳಿಂದ ಹಣವಿಲ್ಲ, ಹಲಗೆಯಿಲ್ಲ. ಮದುವೆಯ ಮಾತು ಬಂದಾಗ, "ಹುಡುಗ ಡಾಕ್ಟರನಂತೆ, ಆದರೆ ಪಾಠ ಹೇಳುವವನಂತೆ" ಎಂದು ದನಿ ಇಳಿಸುವವರು ನಾವುಗಳೇ ಅಲ್ಲವೆ?

ಕೂಟದಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಕೆಲವರು ಪ್ರಮಾಣಪತ್ರದ ಆಸೆಗೆ ಮಾತ್ರ ಬಂದು, ಹೆಸರು ಬರೆಯಿಸಿ, ಮುಂದಿನ ವಾರ ಕಾಣೆಯಾಗುವರು. ಪರೀಕ್ಷೆಯು ಹತ್ತಿರ ಬಂದರೆ ಬೆಂಚುಗಳು ಬರಿದಾಗುವುವು. ಹಿರಿಯರು ತೇರ್ಗಡೆಯಾಗಿ ಹೋದರೆ ಕೂಟವು ಒಂದು ವರ್ಷ ಮಲಗಿಬಿಡುವುದೂ ಉಂಟಂತೆ. ನಮ್ಮ ಮೊಮ್ಮಗಳೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಮೂವತ್ತು ಮಂದಿಯಲ್ಲಿ ಇಬ್ಬರು ಮೂವರು ಈ ದಾರಿಯನ್ನು ಹಿಡಿದರೆ ಸಾಕೆಂದಳು. ಬಿತ್ತಿದ ಕಾಳೆಲ್ಲವೂ ಮೊಳೆಯದೆಂಬುದನ್ನು ತೊಗರಿಯ ಸೀಮೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಮನೆಯ ಮಾತಿಗೆ ಬರುವೆವು. ಬೇಸಗೆಯ ರಜೆಗೆ ಹುಡುಗಿಯು ಮತ್ತೆ ಬಂದಳು. ವಿಷಯವನ್ನು ತಿಳಿದ ಮಗನೂ ಶಹಾಪುರದಿಂದ ಬಂದನು. ಆತನು ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಾಗುತ್ತಿದ್ದಿತು. ಅಂಗಳದಲ್ಲಿ ತಲೆತಗ್ಗಿಸಿ ಕುಳಿತು, "ಅಪ್ಪಾ, ನಮ್ಮೂರಾಗ ರಾತ್ರಿ ಎದಿ ಹಿಡಕೊಂಡರ ಕಲಬುರ್ಗಿಗೆ ಓಡಬೇಕು. ನನ್ನ ಮಗಳು ಇಲ್ಲೇ ಇದ್ದರ ನಾಕು ಮಂದಿ ಬದುಕ್ತಾರ ಅಂತ ಜಾಗಾ ತಗೊಂಡೆ. ರೊಕ್ಕಕ್ಕ ಅಂತ ತಿಳೀಬ್ಯಾಡ್ರಿ" ಎಂದನು. ನಾವು ಉತ್ತರವನ್ನು ಕಾಣದೆ ಹೋದೆವು. ಆತನ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ರಾತ್ರಿಯ ಹೊತ್ತು ಬಾಗಿಲು ತೆರೆಯುವ ವೈದ್ಯನ ಪುಣ್ಯವನ್ನು ಯಾರು ಅಲ್ಲಗಳೆದಾರು?

ಆಗ ಮಾತನಾಡಿದವರು ನಮ್ಮ ಅಕ್ಕನವರು. ಅವರಿಗೆ ಈಗ ಎಂಬತ್ತು ದಾಟಿದೆ. ಅವರ ಬಲಗಾಲಿನ ಮೊಣಕಾಲು ಮಡಿಸದು. ಮದುವೆಯ ಮಣೆಯ ಮೇಲೆಯೂ ಕಾಲು ಚಾಚಿಯೇ ಕುಳಿತವರು. ಈ ಕಾಲಿಗೆ ಕಾರಣವು ನಾರುಹುಣ್ಣು. ಇಂದಿನ ಹರೆಯದವರು ಆ ಹೆಸರನ್ನೇ ಕೇಳಿರಲಾರರು. ನಮ್ಮ ಬಾಲ್ಯದಲ್ಲಿ ಮಳೆಗಾಲಕ್ಕೆ ಮುಂಚೆ ಕೇರಿಕೇರಿಯಲ್ಲಿಯೂ ಕಾಲು ಬಾತವರು ಕಟ್ಟೆಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು. ಚರ್ಮದಲ್ಲಿ ಬೊಬ್ಬೆಯೆದ್ದು ಒಡೆದು, ಒಳಗಿನಿಂದ ಬಿಳಿಯ ನಾರಿನಂತಹ ಹುಳು ತಲೆದೋರುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯಬೇಕು. ಅದರ ಉದ್ದವು ಗಜದಷ್ಟು. ನಡುವೆ ಹರಿದರೆ ಕಾಲೇ ಕೆಟ್ಟಂತೆ. ಅಕ್ಕನವರಿಗೆ ಎಂಟು ವರ್ಷವಾಗಿದ್ದಾಗ ಅದು ಮೊಣಕಾಲಿನ ಬಳಿ ಹರಿಯಿತು.

ಅವರು ಮೊಮ್ಮಗಳ ಕಡೆಗೆ ತಿರುಗಿ, "ಏ ಕೂಸ, ಈ ಹುಳಾ ನನ್ನ ಕಾಲಾಗ ಹ್ಯಾಂಗ ಬಂತು?" ಎಂದು ಕೇಳಿದರು.

"ಮೆಟ್ಟಿಲ ಬಾವಿ ನೀರಿನಿಂದ ಆಯಿ. ಹುಣ್ಣಾದವರು ಬಾವ್ಯಾಗ ಇಳಿದು ಕೊಡ ತುಂಬ್ತಿದ್ರು. ಹುಣ್ಣಿನ್ಯಾಗಿನ ಮರಿ ನೀರಿಗೆ ಬೀಳ್ತಿದ್ದವು. ನೀರಾಗಿನ ಸಣ್ಣ ಜೀವಿ ಅವನ್ನ ನುಂಗ್ತಿತ್ತು. ಆ ನೀರು ಕುಡದವರ ಹೊಟ್ಟ್ಯಾಗ ಹೋಗಿ, ಒಂದು ವರ್ಷ ಬೆಳದು, ಕಾಲಾಗ ಹೊರಗ ಬರ್ತಿತ್ತು."

"ಇದು ಯಾವಾಗ ಗೊತ್ತಾತು?"

"ರಷ್ಯಾದ ಫೆದ್ಚೆಂಕೋ ಅಂಬುವರು 1870 ರ ಸುಮಾರಿಗೆ ಬರದಾರ ಆಯಿ."

ಅಕ್ಕನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಕಾಲು ಕೆಟ್ಟುದು 1952 ರ ಸುಮಾರಿನಲ್ಲಿ. ಅವರು ಅಕ್ಷರ ಕಲಿತವರಲ್ಲ. ಆದರೆ ಲೆಕ್ಕವನ್ನು ಬಲ್ಲರು. "ಅಂದರ ನಾ ಹುಟ್ಟೂದಕ್ಕ ಮೊದಲ ಗೊತ್ತಿತ್ತು. ನನ್ನ ಕಾಲು ನೋಡಾಕ ಹಕೀಮರು ಬಂದರು, ನಾಟಿವೈದ್ಯರು ಬಂದರು, ಹುಳಾ ಎಳೆಯವರು ಬಂದರು. ಎಲೆ ಕಟ್ಟಿದರು, ಮಂತ್ರ ಹಾಕಿದರು. ಎಲ್ಲಾರೂ ಕಾಲು ನೋಡಿದರು. ಬಾವಿ ನೋಡಿದವರು ಒಬ್ಬರೂ ಇಲ್ಲ. ಅರಿವ್ಯಾಗ ಸೋಸಿ ಕುಡೀರಿ ಅಂತ ಒಬ್ಬರರ ಅಂದಿದ್ದರ..." ಎಂದು ಹೇಳಿ ಅವರು ತಮ್ಮ ಮೊಣಕಾಲಿನ ಮೇಲೆ ಕೈಯಿಟ್ಟರು. ಮಾತನ್ನು ಮುಗಿಸಲಿಲ್ಲ. ನಮ್ಮ ಮಗನ ಕಣ್ಣು ತುಂಬಿಬಂದಿತು. ಆತನನ್ನು ಮಗುವಾಗಿದ್ದಾಗ ಆ ಚಾಚಿದ ಕಾಲಿನ ಮೇಲೆಯೇ ಮಲಗಿಸಿಕೊಂಡು ಎಣ್ಣೆ ಹಚ್ಚಿದವರು ಅವರು.

ಪ್ರಿಯ ವಾಚಕರೇ, ಈ ಮಾತನ್ನು ವಿಚಾರಮಾಡಿ ನೋಡಿರಿ. ಜ್ಞಾನವು ಹುಟ್ಟಿದ ಮಾತ್ರಕ್ಕೆ ಊರ ಬಾವಿಯವರೆಗೆ ನಡೆದುಬರುವುದಿಲ್ಲ. ಅದನ್ನು ಹೊತ್ತು ತರುವವರು ಬೇಕು. ಹೊರುವವರಿಗೆ ಕಲಿಸುವವರು ಬೇಕು. ನಮ್ಮ ದೇಶದಲ್ಲಿ ನಾರುಹುಣ್ಣನ್ನು ಅಳಿಸುವ ಕಾರ್ಯಕ್ರಮವು ಮೊದಲಾದುದು 1980 ರ ದಶಕದಲ್ಲಿ. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಹಳ್ಳಿಹಳ್ಳಿಯನ್ನೂ ಸುತ್ತಿ ರೋಗಿಗಳನ್ನು ಎಣಿಸಿದರು, ಸೋಸುವ ಬಟ್ಟೆಯನ್ನು ಹಂಚಿದರು, ಮೆಟ್ಟಿಲ ಬಾವಿಗಳನ್ನು ಬಿಡಿಸಿ ಕೊಳವೆಬಾವಿಗಳನ್ನು ತೋಡಿಸಿದರು. ದೇಶದ ಕಡೆಯ ರೋಗಿಯು ಕಂಡುಬಂದುದು 1996 ರಲ್ಲಿ, ರಾಜಸ್ಥಾನದಲ್ಲಿ. 2000 ದಲ್ಲಿ ಭಾರತವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಇದಕ್ಕೆ ಲಸಿಕೆಯೂ ಬೇಕಾಗಲಿಲ್ಲ, ಹೊಸ ಔಷಧವೂ ಬೇಕಾಗಲಿಲ್ಲ. ಎಣಿಸುವ, ಬರೆಯುವ, ಹೇಳಿಕೊಡುವ ಜನರು ಬೇಕಾದರು, ಅಷ್ಟೇ.

ಮತ್ತೂ ಒಂದು ವಿಚಿತ್ರವನ್ನು ನೋಡಿರಿ. ಒಂದು ರೋಗವನ್ನು ಕಳೆಯಲೆಂದು ನಾವು ಮೇಲಣ ನೀರನ್ನು ಬಿಟ್ಟು ನೆಲದಾಳದ ನೀರಿಗೆ ಹೋದೆವು. ಅದು ಸರಿಯಾದ ಕೆಲಸವೇ. ಆದರೆ ಆಳದ ಕಲ್ಲಿನಲ್ಲಿ ಕೆಲವೆಡೆ ಪಾಷಾಣವೂ ಕೆಲವೆಡೆ ಹಲ್ಲುಮೂಳೆಗಳನ್ನು ಕೆಡಿಸುವ ಫ್ಲೋರೈಡೂ ಇದ್ದುವು. ತಂದೆಯ ಕಾಲದ ಪರಿಹಾರವನ್ನು ಮಗನ ಕಾಲದಲ್ಲಿ ಮತ್ತೆ ಪರೀಕ್ಷಿಸಬೇಕಾಗುವುದು. ಈ ಕಾವಲು ಒಂದು ತಲೆಮಾರಿಗೆ ಮುಗಿಯತಕ್ಕದ್ದಲ್ಲ. ಆದುದರಿಂದಲೇ ಕಾವಲುಗಾರರನ್ನು ಸಿದ್ಧಗೊಳಿಸುವ ಗುರುಗಳ ಪರಂಪರೆಯು ಮುರಿಯಬಾರದು.

ಮರುದಿನ ಮುಂಜಾನೆ ಮೊಮ್ಮಗಳೊಡನೆ ನಾವು ಗುಡ್ಡದ ಕಡೆಗೆ ತಿರುಗಾಡಲು ಹೋದೆವು. ಮೇಲೆ ಟೇಲರ್ ಮಂಜಿಲ್ ಕಾಣುತ್ತಿದ್ದಿತು. ಬಾಲಕನಾಗಿದ್ದ ರಾಜಾ ವೆಂಕಟಪ್ಪನಾಯಕನ ಕಾಲದಲ್ಲಿ, 1841 ರಿಂದ 1853 ರವರೆಗೆ, ಸಂಸ್ಥಾನದ ಮೇಲ್ವಿಚಾರಣೆಗೆ ಇದ್ದ ಮೆಡೋಸ್ ಟೇಲರನು ಕಟ್ಟಿಸಿದ ಬಂಗಲೆಯದು. ಆತನು ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ಆದರೂ ರಾಜನಕೊಳ್ಳೂರಿನಲ್ಲಿ ನಾವು ದಿನವೂ ಹಾದುಹೋಗುತ್ತಿದ್ದ ಪ್ರಾಚೀನ ಕಲ್ಲುಗೋರಿಗಳನ್ನು ಅಳೆದು, ಚಿತ್ರ ಬರೆದು, ವಿದ್ವಾಂಸರ ಪತ್ರಿಕೆಗೆ ಕಳುಹಿಸಿದನು. "ನಮ್ಮ ಕಲ್ಲು ಎಣಿಸಾಕ ಸಾತ್ ಸಮುದ್ರ ದಾಟಿ ಒಬ್ಬರು ಬಂದರು" ಎಂದು ನಾವು ಹೇಳಿದೆವು. ಅವಳು ನಕ್ಕು, "ನಮ್ಮ ಬ್ಯಾನಿ ಎಣಿಸಾಕ ಶಹಾಪುರದಿಂದ ಒಬ್ಬಾಕಿ ಬರಬಾರದ ಮುತ್ಯಾ?" ಎಂದಳು. ಇದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಈ ಸಲ ಉತ್ತರವಿಲ್ಲದುದು ನಮಗೆ ಸಂತೋಷವಾಗಿಯೇ ಇದ್ದಿತು.

ನಿವೇಶನವು ಇನ್ನೂ ಹಾಗೆಯೇ ಇರುವುದು. ಸಾಲವೂ ಇರುವುದು. ಮಗನು ಅದನ್ನು ಮಾರಿಲ್ಲ. ಮಗಳಿಗೆ ಇನ್ನು ಒತ್ತಾಯವನ್ನೂ ಮಾಡುತ್ತಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ವೈದ್ಯರೂ ರೋಗಿಗಳನ್ನು ನೋಡುವರೆಂದೂ, ಸಮುದಾಯ ವೈದ್ಯಶಾಸ್ತ್ರದವರು ಹಳ್ಳಿಯ ಆರೋಗ್ಯಕೇಂದ್ರಕ್ಕೇ ಹೋಗಿ ಕೆಲಸ ಮಾಡುವರೆಂದೂ ಅವಳು ಆತನಿಗೆ ತಿಳಿಸಿ ಹೇಳಿರುವಳು. ಆತನು ಪೂರಾ ಒಪ್ಪಿದನೆಂದು ನಾವು ಹೇಳಲಾರೆವು. ಆದರೆ ಮೊನ್ನೆ ಅಂಗಡಿಯಲ್ಲಿ ಗಿರಾಕಿಯೊಬ್ಬರು, "ಮಗಳು ದವಾಖಾನಿ ಯಾವಾಗ ಹಾಕ್ತಾಳ್ರಿ ಸಾಹುಕಾರ್ರ?" ಎಂದು ಕೇಳಿದಾಗ, ಆತನು ತಕ್ಕಡಿಯಿಂದ ಕಣ್ಣೆತ್ತದೆ, "ಆಕಿ ಡಾಕ್ಟರ್ ಮಂದಿಗೆ ಪಾಠ ಹೇಳಾಕಿ ಆಗ್ತಾಳ್ರಿ" ಎಂದುದನ್ನು ನಾವು ಹಿಂದೆ ಕುಳಿತು ನಮ್ಮ ಕಿವಿಯಾರೆ ಕೇಳಿದೆವು. ದನಿಯನ್ನು ಇಳಿಸದೆಯೇ ಹೇಳಿದನು.

ವೈದ್ಯವಿದ್ಯೆಯನ್ನು ಓದುವ ಮಕ್ಕಳಿರುವ ಮನೆಗಳಲ್ಲಿ ಹಿರಿಯರಿಗೆ ನಮ್ಮ ವಿಜ್ಞಾಪನೆಯು ಇಷ್ಟೇ. ನಿಮ್ಮ ಮಗುವು ದವಾಖಾನೆ ತೆರೆಯುವೆನೆಂದರೆ ಹರಸಿರಿ. ಊರಿಗೆ ಅದೂ ಬೇಕು. ಕಲಿಸುವೆನು, ಹುಡುಕುವೆನು ಎಂದರೆ ಮುಖವನ್ನು ಸಣ್ಣದು ಮಾಡಬೇಡಿರಿ. ಅವರು ಭಾನುವಾರದ ಸಂಜೆ ಗೆಳೆಯರ ಕೂಟಕ್ಕೆ ಹೊರಟರೆ ಕಾಲಹರಣವೆಂದು ಗದರಿಸುವುದಕ್ಕೆ ಮುಂಚೆ ಒಮ್ಮೆ ನೀವೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಬನ್ನಿರಿ. ನಮ್ಮ ಅಕ್ಕನವರ ಮೊಣಕಾಲು ಇನ್ನು ಮಡಿಸುವಂತಿಲ್ಲ. ಮುಂದೆ ಹುಟ್ಟುವ ಮಕ್ಕಳ ಕಾಲುಗಳಾದರೂ ನೆಟ್ಟಗೆ ನಡೆಯುವಂತೆ ಬಾವಿಯನ್ನು ನೋಡುವವರು ನಮ್ಮ ಮನೆಗಳಿಂದಲೇ ಹೊರಡಲಿ.